ಕೊಳದ ಕಾವಲು

"ನೀರಿಗಿಳಿಯೇ, ಹಾಳು ಮುಂಡೆ! ಅಲ್ಲಿ ಮಣ್ಣು ಒಣಗ್ತಾ ಇದೆ, ಇಲ್ಲಿ ಹಗ್ಗ ಹಿಡ್ಕೊಂಡು ವೈಯಾರ ಮಾಡ್ತಿದ್ದೀಯ?"

ಇಟ್ಟಿಗೆ ಗೂಡಿನ ಮೇಸ್ತ್ರಿ ದಂಡೆಯ ಮೇಲೆ ನಿಂತು ಅರಚುತ್ತಿದ್ದ. ಕೂಲಿಯಾಳು ಉದ್ದಕ್ಕ ತಲೆ ಎತ್ತಲಿಲ್ಲ. ಒಣಗಿದ ಮೆಟ್ಟಿಲ ಮೇಲೇ ನಿಂತು ಕೊಡಕ್ಕೆ ಹಗ್ಗ ಬಿಗಿದು ಕೊಳದ ನೀರು ಸೇದುತ್ತಿದ್ದಳು. ಅವಳ ಬಲಗಾಲಿನಲ್ಲಿ ನಾರುಹುಣ್ಣು. ಒಡೆದ ಗುಳ್ಳೆಯಿಂದ ಬಿಳಿ ದಾರದಂಥ ಹುಳ ಹೊರಬಂದಿತ್ತು. ಅದನ್ನು ಬೆಂಕಿಕಡ್ಡಿಗೆ ಸುತ್ತಿ ಮೇಲೆ ಬಟ್ಟೆ ಕಟ್ಟಿದ್ದಳು. ದಿನಕ್ಕೆ ಒಂದು ಸುತ್ತು, ಅಷ್ಟೇ. ಅವಸರಪಟ್ಟು ಎಳೆದರೆ ಹುಳ ತುಂಡಾಗಿ ಒಳಗೇ ಉಳಿಯುತ್ತದೆ. ಹೋದ ವರ್ಷ ಅವಳ ಗಂಡನಿಗೆ ಹಾಗೇ ಆಗಿತ್ತು. ಮೂರು ತಿಂಗಳು ಕೀವು ಸುರಿಸಿ ಸುರಿಸಿ, ಗುಡಿಸಲಿನ ಮೂಲೆಯಲ್ಲೇ ಕಣ್ಣು ಮುಚ್ಚಿದ.

ಒಂಬತ್ತು ದಿನದ ಹಿಂದೆ ನರ್ಸಮ್ಮ ಬಂದು ಗೂಡಿನವರನ್ನೆಲ್ಲ ಕೂರಿಸಿಕೊಂಡು ಹೇಳಿದ್ದಳು. ಹುಣ್ಣಿನ ಕಾಲು ನೀರು ಮುಟ್ಟಿದರೆ ಹುಳ ಸಾವಿರ ಮರಿ ಬಿಡುತ್ತೆ. ಆ ನೀರು ಕುಡಿದವರ ಕಾಲಲ್ಲಿ ಮುಂದಿನ ವರ್ಷ ಅದೇ ಹುಳ. ಬಟ್ಟೆಯಲ್ಲಿ ಸೋಸಿ ಕುಡಿಯಿರಿ, ಹುಣ್ಣಿದ್ದವರನ್ನು ಕೊಳಕ್ಕೆ ಬಿಡಬೇಡಿ.

ಜೊತೆಗೆ ಬಂದಿದ್ದ ಸಾಹೇಬರು, "ನೀವೇ ಒಗ್ಗಟ್ಟಾಗಿ ನಿಲ್ಲಬೇಕು. ಸರ್ಕಾರ ಎಲ್ಲಾ ಮಾಡೋಕಾಗುತ್ತಾ?" ಅಂದಿದ್ದರು.

"ಸ್ವಾಮಿ, ಧಣಿ ಮನೆ ಬೋರ್‌ನಿಂದ ಈ ಕಡೆಗೊಂದು ನಲ್ಲಿ ಹಾಕಿಸಿಕೊಡಿ," ಎಂದಿದ್ದಳು ಉದ್ದಕ್ಕ.

ಸಾಹೇಬರು ನಕ್ಕರು. ಪಕ್ಕದಲ್ಲೇ ನಿಂತಿದ್ದ ಗೂಡಿನ ಧಣಿಯೂ ನಕ್ಕ. ಆಮೇಲೆ ಸಾಹೇಬರು ಧಣಿಯ ಮನೆಗೆ ಕಾಫಿಗೆ ಹೋದರು. ಕೊಳ ಕಾಯುವ ಕೆಲಸವನ್ನು ಹೆಂಗಸರೆಲ್ಲ ಸೇರಿ ಉದ್ದಕ್ಕನಿಗೇ ವಹಿಸಿದರು.

"ಕಿವಿಗೇನು ಮಣ್ಣು ಮೆತ್ತಿಕೊಂಡಿದ್ದೀಯೇನೇ?" ಮೇಸ್ತ್ರಿ ಧಡಧಡನೆ ಮೆಟ್ಟಿಲಿಳಿದು ಬಂದ. "ಮೊಣಕಾಲುದ್ದ ಇಳಿದು ಎರಡೆರಡು ಕೊಡ ತುಂಬು!"

"ಕಾಲಲ್ಲಿ ಹುಳ ಇದೆ ಮೇಸ್ತ್ರಿ. ಇಳಿಯಲ್ಲ."

"ಇಳಿಯಲ್ವಾ? ನಿನ್ನಪ್ಪನ ಕೊಳನಾ ಇದು, ಸೂಳೆಮುಂಡೆ!"

ರಟ್ಟೆ ಹಿಡಿದು ಎಳೆದ. ಕೊಡ ಉರುಳಿ ನೀರಿಗೆ ಬಿತ್ತು. ಉದ್ದಕ್ಕ ಮೆಟ್ಟಿಲ ಮೇಲೆ ಕುಸಿದಳು. ಬಟ್ಟೆ ಕಲ್ಲಿನಂಚಿಗೆ ಸಿಕ್ಕಿ ಕಿತ್ತುಬಂತು. ಕಾಲೊಳಗೆ ಏನೋ ಚಳಕ್ಕೆಂದಿತು. ನೋಡಿದರೆ ಬೆಂಕಿಕಡ್ಡಿ ಕಲ್ಲಿನ ಮೇಲೆ ಬಿದ್ದಿದೆ, ಅದಕ್ಕೆ ಗೇಣುದ್ದ ಹುಳ. ಉಳಿದದ್ದು ಒಳಗೆ.

ಅವಳ ಕಣ್ಣ ಮುಂದೆ ಗಂಡನ ಕಾಲು ಬಂತು.

ಮಣ್ಣು ತುಳಿಯುತ್ತಿದ್ದ ಓರಗಿತ್ತಿ ಎದ್ದುಬಿದ್ದು ಓಡಿಬಂದಳು. ಕಡ್ಡಿ ನೋಡಿದಳು, ಮೇಸ್ತ್ರಿಯ ಮುಖ ನೋಡಿದಳು. ಉದ್ದಕ್ಕನ ಪಕ್ಕ ಕೂತಳು. ಅವಳ ಹಿಂದೆಯೇ ಇಟ್ಟಿಗೆ ಹೊರುವವರು, ಅಚ್ಚು ಹಾಕುವವರು ಒಬ್ಬೊಬ್ಬರಾಗಿ ಬಂದು, ನೀರಿಗೆ ಬೆನ್ನು ಮಾಡಿ ಆ ಮೆಟ್ಟಿಲಿನುದ್ದಕ್ಕೂ ಕೂತುಬಿಟ್ಟರು.

ಧಣಿ ಬಂದ. "ಏನ್ರೇ ಇದು? ಕೊಳ ನಂದು. ಏಳ್ರಿ ಮೇಲೆ!"

"ಕೊಳ ನಿಮ್ದೇ ಧಣಿ, ಕುಡಿಯೋ ಬಾಯಿ ನಮ್ದು," ಎಂದಳು ಉದ್ದಕ್ಕ. "ಹುಣ್ಣಿದ್ದವರನ್ನ ಕೊಳಕ್ಕೆ ಇಳಿಸಲ್ಲ ಅಂತ ಅವತ್ತು ಸಾಹೇಬರ ಮುಂದೆ ಮೊದಲು ಕೈ ಎತ್ತಿದ್ದು ನೀವೇ. ಫೋಟೋನೂ ತೆಗೆಸ್ಕೊಂಡ್ರಿ."

ಧಣಿಯ ಮುಖ ಕೆಂಪಾಯಿತು. ಮೇಸ್ತ್ರಿಯ ಕಡೆ ತಿರುಗಿದ. "ನಿಂತು ಏನು ನೋಡ್ತೀಯೋ ಬೋಳಿಮಗನೇ? ಪ್ಯಾಂಟ್ ಮಡಚು, ನೀನೇ ಇಳಿ! ಇವರಿಲ್ದೆ ನೀರು ಬರಲ್ವಾ?"

ಮೇಸ್ತ್ರಿ ಅಲ್ಲಾಡಲಿಲ್ಲ.

"ಮಡಚೋ!"

ಎಡಗಾಲು ಮಡಚಿದ. ಬಲಗಾಲು ಮಡಚಲು ಬಗ್ಗಿದವನ ಕೈ ಅಲ್ಲೇ ನಿಂತಿತು. ಧಣಿ ಗದರಿದ ಮೇಲೆ ಮೆಲ್ಲಗೆ ಮೇಲಕ್ಕೆಳೆದ. ಮೀನಖಂಡದ ಕೆಳಗೆ ಕೊಳಕು ಬಟ್ಟೆಯ ಕಟ್ಟು. ಅಂಚಿನಲ್ಲಿ ಒಂದು ಬೆಂಕಿಕಡ್ಡಿಯ ತುದಿ.

ಮೇಸ್ತ್ರಿ ನೆಲ ನೋಡುತ್ತ ಒಂದು ಮೆಟ್ಟಿಲು ಇಳಿದ. ಇನ್ನೊಂದು ಇಳಿದ.

ಉದ್ದಕ್ಕ ಹಲ್ಲು ಕಚ್ಚಿ, ಆಗಲೇ ಬಾತುಕೊಳ್ಳುತ್ತಿದ್ದ ತನ್ನ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಅವನ ದಾರಿಗೆ ಅಡ್ಡ ಚಾಚಿದಳು.

"ಇಳೀಬೇಡ ಮೇಸ್ತ್ರಿ. ನಿನ್ನ ಹೆಂಡ್ತೀನೂ ಇದೇ ನೀರು ಕುಡೀತಾಳೆ."

ಮೇಲಿನಿಂದ ಧಣಿ ಕೂಗುತ್ತಲೇ ಇದ್ದ. ಮೇಸ್ತ್ರಿ ಎತ್ತಿದ ಕಾಲನ್ನು ಮುಂದಿಡಲಾರದೆ, ಹಿಂದಕ್ಕೂ ಇಡಲಾರದೆ ನಿಂತಿದ್ದ.