ತಾರವ್ವನ ಗಡ್ಡೆಗೆ ನಾನು ಅರೆದ ಮದ್ದು

ತಲೆಯೊಳಗಿನ ಗಡ್ಡೆಯನ್ನು ಗಿಡದ ರಸದಿಂದ ಕರಗಿಸಿದ ಮೊದಲ ಗಂಡಸು ನಾನೇ, ನೇಕಾರ ಯಲಗೂರಪ್ಪ. ನಾನು ಎಲೆ ಅರೆಯಲು ಕೂತರೆ ಆ ಘಾಟಿಗೆ ಇಚಲಕರಂಜಿಯ ಅಷ್ಟೂ ಮಗ್ಗಗಳು ತಾವಾಗಿಯೇ ನಿಂತುಬಿಡುತ್ತಿದ್ದವು. ಪಂಚಗಂಗೆ ಹೊಳೆ ಎರಡು ಮಾರು ಹಿಂದೆ ಸರಿದು ಹರಿಯುತ್ತಿತ್ತು. ನಂಬದವರು ಎದ್ದು ಹೋಗಬಹುದು.

ಅರವತ್ತೈದನೆಯ ಇಸವಿ. ನನ್ನ ಹೆಂಡತಿ ತಾರವ್ವ ಪಡಸಾಲೆಯಲ್ಲಿ ರಾಟಿ ತಿರುಗಿಸಿ, ಮಗ್ಗದ ಲಾಳಿಯೊಳಗೆ ಕೂರುವ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದಳು. ಒಮ್ಮೆ ಅವಳ ಬಲಗೈ ಸತ್ತಂತಾಗಿ ರಾಟಿಯ ಹಿಡಿ ಬಿಟ್ಟಿತು. ಆಮೇಲೆ ತಲೆನೋವು, ವಾಂತಿ. ಕೊಲ್ಹಾಪುರದ ಡಾಕ್ಟರು ನೋಡಿ, ತಲೆಯಲ್ಲಿ ಗಡ್ಡೆ ಇದೆ, ದೀಪಾವಳಿಯೊಳಗೆ ಮುಂಬಯಿಗೆ ಒಯ್ದು ತಲೆಬುರುಡೆ ತೆರೆಸಿ ತೆಗೆಸದಿದ್ದರೆ ಜೀವ ಉಳಿಯುವುದಿಲ್ಲ ಅಂದರು. ಅಲ್ಲಿನ ಆಸ್ಪತ್ರೆಯಲ್ಲಿ ಜಾಗವನ್ನೂ ಗೊತ್ತುಮಾಡಿಕೊಟ್ಟರು.

"ಒಡ್ಯಾಕ ನನ್ನ ತಲಿ ಏನ ತೆಂಗಿನಕಾಯೇನ್ರಿ?" ಎಂದು ತಾರವ್ವ ಎದ್ದು ಹೊರಗೆ ನಡೆದಳು.

ಬೇರೆ ಮದ್ದಿಲ್ಲವೇ ಎಂದು ನಾನು ಡಾಕ್ಟರನ್ನು ಕೇಳಿದೆ. ಸದಾಫುಲಿ, ಅಂದರೆ ನಿತ್ಯಪುಷ್ಪದ ಗಿಡದಿಂದ ಪರದೇಶದವರು ರಕ್ತದ ಕ್ಯಾನ್ಸರಿಗೆ ಔಷಧ ತೆಗೆದಿದ್ದಾರೆ, ಮೆದುಳಿನ ಮಾತು ಬೇರೆ ಅಂದರು. ಮಾತಿನ ಮೊದಲರ್ಧವನ್ನಷ್ಟೇ ಹಿಡಿದು ನಾನು ಗಡಹಿಂಗ್ಲಜದ ಬಸ್ಸು ಹತ್ತಿದೆ. ಅಲ್ಲಿ ನಮ್ಮ ಸೋದರತ್ತೆಯ ಹಿತ್ತಲಲ್ಲಿ ಸದಾಫುಲಿ ವರ್ಷವಿಡೀ ಹೂ ಬಿಡುತ್ತದೆ. ಒಂದೊಂದು ಎಲೆ ಮೊರದಗಲ! ಎಲೆಯ ಗಂಟು ಮೇಲಿಟ್ಟದ್ದೇ ಬಸ್ಸಿನ ಮುಂದಿನ ಗಾಲಿಗಳು ನೆಲ ಬಿಟ್ಟವು. ಬರುವಾಗ ಡಾಕ್ಟರಿಗೂ ತೋರಿಸಿದೆ. ತೆರೆದ ಬಾಯಿ ಅವರು ಮುಚ್ಚಲೇ ಇಲ್ಲ.

ಮರುದಿನದಿಂದ ದಿನಾ ಮುಂಜಾನೆ ಬೆಲ್ಲ ಹಾಕಿ ಹಸಿರು ರಸ ಕುಡಿಸಿದೆ. ತಾರವ್ವ ಮೂಗು ಮುಚ್ಚಿಕೊಂಡು ಕುಡಿದು ರಾಟಿಗೆ ಕೂರುವಳು. ಮಧ್ಯಾಹ್ನ ಕಣ್ಣಿಗೆ ಕತ್ತಲೆ ಬಂದು ಅಲ್ಲಿಯೇ ಮಲಗುವಳು. ಎದ್ದು ನೋಡಿದರೆ ಸುತ್ತಿದ ಕಂಡಿಕೆಗಳಿಂದ ಬುಟ್ಟಿ ತುಂಬಿರುತ್ತಿತ್ತು.

"ಅಯ್ಯ, ಇಷ್ಟು ಯಾವಾಗ ಸುತ್ತಿದೆ ನಾ?"

"ಕಣ್ಣ ಮುಚ್ಚಿಕೊಂಡ ಸುತ್ತಿದಿ. ಮದ್ದಿನ ಜೋರ ನೋಡ!"

ಗಡ್ಡೆ ತೆಂಗಿನಕಾಯಿಯಿಂದ ನಿಂಬೆಕಾಯಿಗೆ, ನಿಂಬೆಕಾಯಿಯಿಂದ ಸಾಸಿವೆಗೆ ಇಳಿದಿದೆ ಎಂದು ಮಗ್ಗದ ಮಂದಿಗೆಲ್ಲ ಸಾರಿದೆ. ರಾತ್ರಿ ಪಾಳಿಯವನು ನಾನು, ಹಗಲೆಲ್ಲ ಮನೆಯಲ್ಲೇ ವೈದ್ಯ.

ದೀಪಾವಳಿ ಹತ್ತಿರ ಬಂತು. "ಹೆಂಗೂ ಜಾಗಾ ಸಿಕ್ಕೈತಿ, ಒಮ್ಮೆ ತೋರಿಸಿಕೊಂಡು ಬರೂಣು," ಅಂದೆ.

"ಯಾಕ ಬರಲಿ? ನಿಮ್ಮ ಮದ್ದು ನಾಟೈತಿ. ಬುಟ್ಟಿ ಕಾಣವಲ್ದೇನು? ತಾರವ್ವ ಬರಂಗಿಲ್ಲಂತ ಹೇಳಿ ಕಳಸ್ರಿ."

ಅಷ್ಟರಲ್ಲಿ ಪಕ್ಕದ ಮಗ್ಗದ ಹಾಲಸಿದ್ದ ಬಂದು ಅವಳ ಮುಂದೆ ಒಂದು ಕಂಡಿಕೆ ಒಗೆದ.

"ಏನ ತಾರಕ್ಕಾ ಇದು? ಲಾಳ್ಯಾಗ ಸಿಕ್ಕೊಂಡು ನೂಲ ಕಡ್ಯಾಕತ್ತೈತಿ!"

ತಾರವ್ವ ಅದನ್ನು ಎಡಗೈಯಲ್ಲಿ ಹೊರಳಿಸಿ ಹೊರಳಿಸಿ ನೋಡಿ ನನ್ನ ಕಡೆ ತಿರುಗಿದಳು.

"ನಾ ಸುತ್ತಿದ್ದು ಕೋಲಿನಂಗ ನೆಟ್ಟಗಿರತೈತಿ. ಇದರ ನಡು ನೋಡ್ರಿ. ಥೇಟ ನಿಮ್ಮ ಹೊಟ್ಟಿ!"

ಹಾಲಸಿದ್ದ ಬಿದ್ದು ಬಿದ್ದು ನಕ್ಕ. ಅವಳು ನಗಲಿಲ್ಲ.

"ಅದು ಮದ್ದಿನ ಜೋರಿಗೆ…" ಅಂದೆ.

"ಗಡ್ಡಿ ಇರೂದು ನನ್ನ ತಲ್ಯಾಗ. ಖರೆ ಹೇಳ್ರಿ."

ಹೇಳಿದೆ. "ನೀ ಮಲಗಿದಾಗ ನಾನ ಸುತ್ತೇನಿ, ನಿನಗ ಧೈರ್ಯ ಬರಲಂತ. ಮದ್ದೂ ಸುಳ್ಳ. ಹಸೀ ಎಲಿ ವಿಷ, ಹೇಂತಿನ್ನ ಕೊಲ್ಲಾವೇನಂತ ಬೈದು ಡಾಕ್ಟರು ಗಂಟು ಕಸಗೊಂಡ್ರು. ನೀ ಕುಡದದ್ದು ಬರೇ ಕೊತಂಬರಿ ರಸ. ತಲಿ ಒಡೀತಾರಂದ್ರ ನಿನಗಿಂತ ನಾನ ಅಂಜಿದ್ದೆ, ತಾರಾ."

ತಾರವ್ವ ರಾಟಿ ಹಿಡಿದು ಎದ್ದಳು. ಮೈ ವಾಲಿತು, ಗೋಡೆ ಹಿಡಿದು ನಿಂತಳು.

"ಮುಂಬಯಿಗೆ ಹೋದ್ರ ಉಳಿತೇನಿ ಏನು?"

ಬಾಯಿಗೆ ಬಂದದ್ದು ಇನ್ನೊಂದು ಬಡಾಯಿ. ಅದನ್ನು ನುಂಗಿ, "ನನಗ ಗೊತ್ತಿಲ್ಲ," ಅಂದೆ.

"ಈ ಮಾತು ನಂಬತೇನಿ," ಅಂದಳು. "ಟ್ರಂಕ ಇಳಸ್ರಿ. ಆ ಗಡ್ಡಿಗೆ ತಾರವ್ವ ಯಾರಂತ ತೋರಿಸೂಣು."