ಮುಖಪುಟದಲ್ಲಿ ಉಳಿದ ಹಳೆಯ ಸುದ್ದಿ

ಎರಡು ಮಳೆಗಾಲ ಒಂದರ ಹಿಂದೊಂದು ಕೈಕೊಟ್ಟಿದ್ದವು. ೨೦೧೬ರ ಮಾರ್ಚ್ ಹೊತ್ತಿಗೆ ಬೀದರಿನ ನೌಬಾದ ಬಡಾವಣೆಯ ನಲ್ಲಿಗಳಲ್ಲಿ ಗಾಳಿಯ ಸದ್ದು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಕುಬರಾ ಬೆಳಿಗ್ಗೆ ಟ್ಯಾಂಕರಿನ ಮುಂದೆ ನಿಂತು ಕೊಡಗಳನ್ನು ತುಂಬಿಸಿ, ಮೊಣಕಾಲು ನೋವಿನ ತಾಯಿ ಅನ್ವರಿ ಬೇಗಂಗೆ ಚಹಾ ಮಾಡಿಕೊಟ್ಟು, ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಹಚ್ಚುವಷ್ಟರಲ್ಲಿ ಅವಳ ಮೈಯೊಳಗಿನ ಕಸುವು ಅರ್ಧ ಮುಗಿದಿರುತ್ತಿತ್ತು.

ಅವಳು ವೆಬ್‌ಸೈಟ್ ಮಾಡಿಕೊಡುತ್ತಿದ್ದಳು. ಗಾಂಧಿ ಗಂಜ್ ಮಾರುಕಟ್ಟೆಯ ಬೇಳೆಕಾಳು ವ್ಯಾಪಾರಿಗಳು, ಒಂದು ಫಂಕ್ಷನ್ ಹಾಲ್, ಒಂದೆರಡು ಟ್ಯೂಷನ್ ಕ್ಲಾಸಿನವರು, ಹೀಗೆ ಗಿರಾಕಿಗಳು. ಅವರೆಲ್ಲರಿಗಿಂತ ಹೆಚ್ಚು ಫೋನ್ ಮಾಡುತ್ತಿದ್ದವರು ಮನ್ಮಥಪ್ಪ. ನಿವೃತ್ತ ಹೆಡ್‌ಮಾಸ್ತರರು. ಸ್ನೇಹಿತರನ್ನು ಕೂಡಿಸಿಕೊಂಡು ಒಂದು ಟ್ರಸ್ಟ್ ಕಟ್ಟಿದ್ದರು. ಕೆಲಸ ಹುಡುಕಿಕೊಂಡು ಹೈದರಾಬಾದಿಗೋ ಪುಣೆಗೋ ಹೋದವರ ಮಕ್ಕಳ ಶಾಲೆ ತಪ್ಪಬಾರದೆಂದು ಔರಾದಿನಲ್ಲೊಂದು, ಭಾಲ್ಕಿಯಲ್ಲೊಂದು ಹಾಸ್ಟೆಲ್ ನಡೆಸುತ್ತಿದ್ದರು.

ಟ್ರಸ್ಟಿನ ವೆಬ್‌ಸೈಟನ್ನು ಮೊದಲು ಮಾಡಿಸಿದ್ದು ದಾನಿಗಳಿಗಾಗಿ. ಮುಖಪುಟ ತೆರೆದರೆ ಹಾರ ಹಾಕಿಸಿಕೊಂಡ ಅತಿಥಿಗಳ ಐದು ದೊಡ್ಡ ಫೋಟೊಗಳು ಒಂದಾದ ಮೇಲೊಂದು ಸರಿಯುತ್ತಿದ್ದವು. ಆಮೇಲೆ ಹೈದರಾಬಾದಿನ ಕಟ್ಟಡ ಕೆಲಸದವರು ಅದನ್ನು ತಮ್ಮ ಫೋನಿನಲ್ಲಿ ನೋಡತೊಡಗಿದರು. ಮಕ್ಕಳ ಸುದ್ದಿಯನ್ನೂ ಅಲ್ಲೇ ಹಾಕೋಣ ಎಂದರು ಮನ್ಮಥಪ್ಪ. ಫೋಟೊಗಳ ಕೆಳಗೆ ಕುಬರಾ ಒಂದಿಷ್ಟು ಜಾಗ ಮಾಡಿದಳು. ಆದರೆ ಒಂದು ಸಾಲು ಬದಲಾಗಬೇಕಾದರೂ ಔರಾದಿನ ವಾರ್ಡನ್ ಮಚ್ಛೇಂದ್ರ ಮನ್ಮಥಪ್ಪನವರಿಗೆ ಹೇಳಬೇಕು, ಅವರು ನೆನಪಿಟ್ಟು ಕುಬರಾಗೆ ಹೇಳಬೇಕು, ಅವಳು ಕೋಡ್ ತೆರೆದು ತಿದ್ದಬೇಕು. ಊಟದ ಹೊತ್ತಿಗೆ, ನಮಾಜಿನ ಹೊತ್ತಿಗೆ, ನೀರಿನ ಪಾಳಿಯಲ್ಲಿ ನಿಂತಾಗ ಅವಳ ಫೋನ್ ಹೊಡೆದುಕೊಳ್ಳುತ್ತಿತ್ತು. ಬರಬರುತ್ತ ಅದರ ಸದ್ದು ಕೇಳಿದರೆ ಅವಳಿಗೆ ತಲೆ ಭಾರವಾಗುತ್ತಿತ್ತು.

ಆ ಗುರುವಾರ ಔರಾದ ಹಾಸ್ಟೆಲಿನ ಬೋರು ನಿಂತುಹೋಯಿತು. ಬರಬೇಕಿದ್ದ ಟ್ಯಾಂಕರೂ ಬರಲಿಲ್ಲ. ಮಚ್ಛೇಂದ್ರ ಒಂದು ಗಾಡಿ ಮಾಡಿಕೊಂಡು ಮಕ್ಕಳನ್ನೆಲ್ಲ ಭಾಲ್ಕಿಗೆ ಸಾಗಿಸಿ, ಔರಾದಿನ ಬಾಗಿಲಿಗೆ ಬೀಗ ಹಾಕಿದ. ಮನ್ಮಥಪ್ಪ ಕುಬರಾಗೆ ಫೋನ್ ಮಾಡಿದ್ದು ಶುಕ್ರವಾರ ಸಂಜೆ. ಆಗ ಕರೆಂಟ್ ಇರಲಿಲ್ಲ. ಶನಿವಾರ ಗಂಜಿನ ವ್ಯಾಪಾರಿಯೊಬ್ಬರು ಬೆನ್ನು ಹತ್ತಿದ್ದರು. ಒಂದು ಸಾಲಿನ ಕೆಲಸ, ಸೋಮವಾರ ಮಾಡಿದರಾಯಿತು ಎಂದು ಅವಳು ಬಿಟ್ಟಳು.

ಸೋಮವಾರ ಮುಂಜಾನೆ ಅವಳ ಬಾಗಿಲಿಗೆ ಒಬ್ಬ ಹೆಣ್ಣುಮಗಳು ಬಂದು ನಿಂತಳು. ಕಾಲಿಗೆ ಧೂಳು, ಕೈಯಲ್ಲಿ ಬಟ್ಟೆಯ ಚೀಲ.

"ನಾ ಶಾಲುಬಾಯಿ ಅಂತರಿ. ಹೈದರಾಬಾದಿನಾಗ ಸೆಂಟ್ರಿಂಗ್ ಕೆಲಸಕ್ಕ ಹೋಗ್ತೇನಿ. ನನ್ನ ಮಗಳು ನಿಮ್ಮ ಹಾಸ್ಟೆಲಿನಾಗ ಇರ್ತಾಳ. ಭಾಲ್ಕಿ ವಾರ್ಡನ್ ಲಲಿತಾಬಾಯಿಯವರು ನಿಮ್ಮ ಮನಿ ಗುರ್ತು ಹೇಳಿ ಕಳ್ಸ್ಯಾರ."

ಕುಬರಾ ಒಳಗೆ ಕರೆದು ನೀರು ಕೊಟ್ಟಳು. ಶಾಲುಬಾಯಿ ಅರ್ಧ ಲೋಟ ಕುಡಿದು ಉಳಿದದ್ದನ್ನು ಚೆಲ್ಲದೆ ಜೋಪಾನವಾಗಿ ಕೆಳಗಿಟ್ಟಳು. ಆಮೇಲೆ ಸೆರಗಿನಿಂದ ಫೋನ್ ತೆಗೆದು ವೆಬ್‌ಸೈಟ್ ತೆರೆದಳು. ಇಬ್ಬರೂ ಕಾದರು. ಒಂದೊಂದೇ ಫೋಟೊ ಮೇಲಿನಿಂದ ಕೆಳಕ್ಕೆ ತೆರೆದುಕೊಳ್ಳುತ್ತ ಬಂತು.

"ಈ ಹಾರ ಹಾಕ್ಕೊಂಡವ್ರು ಯಾರ್ರಿ? ಇವ್ರೆಲ್ಲಾ ಬಂದು ಹೋಗೋತನಕ ನಾವು ಕಾಯಬೇಕು. ನೋಡ್ರಿ, ಈಗ ಬಂತು."

'ಔರಾದ ಹಾಸ್ಟೆಲ್: ಭಾನುವಾರ ಪಾಲಕರ ಭೇಟಿ' ಎಂದು ಇನ್ನೂ ಹಾಗೆಯೇ ಇತ್ತು.

"ಇದನ್ನ ನೋಡೇ ಬಂದೀನಿ. ಔರಾದಕ್ಕ ಬಂದ್ರ ಬಾಗ್ಲಿಗಿ ಕೀಲಿ. ಬಾಜು ಮನಿಯವರಿಗಿ ಕೇಳಿದ್ರ, ಮಕ್ಕಳಿಗಿ ಗಾಡ್ಯಾಗ ಕುಂದ್ರಿಸ್ಕೊಂಡು ಹೋದ್ರು, ಎಲ್ಲಿಗಿ ಅಂತ ಗೊತ್ತಿಲ್ಲ ಅಂದ್ರು. ಇದ್ರಾಗಿನ ನಂಬರಿಗಿ ಹಚ್ಚಿದ್ರ ಯಾರೂ ಎತ್ತಲಿಲ್ಲ. ಆಫೀಸ್ ನಂಬರಂತ, ಐತವಾರ ಬಂದ್ ಅಂತ. ಬಸ್‌ಸ್ಟ್ಯಾಂಡಿನಾಗ ಯಾರೋ ಭಾಲ್ಕ್ಯಾಗ ಕೇಳು ಅಂದ್ರು. ಹೊತ್ತು ಮುಳುಗೂತನಕ ನನ್ನ ಕೂಸು ಎಲ್ಲದ ಅನ್ನದು ನನಗ ಗೊತ್ತಿರಲಿಲ್ಲರಿ."

ಕುಬರಾ ಕುರ್ಚಿ ಎಳೆದು ಕಂಪ್ಯೂಟರ್ ಹಚ್ಚಿದಳು.

"ನಾ ಜಗಳಕ್ಕ ಬಂದಿಲ್ಲರಿ. ಮಗಳು ಸಿಕ್ಕಳು, ಆರಾಮ ಇದ್ದಾಳ. ಇನ್ನೂ ಬರೋ ಮಂದಿ ಅದ, ಅದಕ್ಕ ಹೇಳಿ ಹೋಗಮ ಅಂತ ಬಂದೆ."

ಅವಳು ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದಳು. ಕುಬರಾ ಆ ಸಾಲನ್ನು ಅಳಿಸಿ ಸರಿಯಾದದ್ದು ಬರೆದಳು. ಎರಡು ನಿಮಿಷವೂ ಹಿಡಿಯಲಿಲ್ಲ. ಇನ್ನು ಮೇಲೆ ಚುರುಕಾಗಿ ಮಾಡುತ್ತೇನೆ ಎಂದುಕೊಳ್ಳಲು ಅವಳಲ್ಲಿ ಶಕ್ತಿ ಇರಲಿಲ್ಲ. ಇನ್ನೊಂದು ಶುಕ್ರವಾರ ಬರುತ್ತದೆ, ಅಂದೂ ಕರೆಂಟ್ ಹೋಗುತ್ತದೆ. ಸುದ್ದಿ ಹುಟ್ಟುವ ಜಾಗದಲ್ಲಿ ಇರುವವರೇ ಅದನ್ನು ಬರೆಯುವಂತಾಗಬೇಕು.

ಸಂಜೆ ಅವಳು ಮನ್ಮಥಪ್ಪನವರ ಮನೆಗೆ ಹೋದಳು. ಶಾಲುಬಾಯಿ ಬಂದದ್ದನ್ನು ಹೇಳಿ, ಮುಖಪುಟವನ್ನು ಹೊಸದಾಗಿ ಕಟ್ಟುತ್ತೇನೆ ಎಂದಳು.

"ಸಿಎಂಎಸ್ ಅಂತ ಇರ್ತದರಿ ಸರ್. ಕೋಡ್ ಮುಟ್ಟದು ಬೇಕಾಗಲ್ಲ. ಲಲಿತಾಬಾಯಿಯವರು ಭಾಲ್ಕ್ಯಾಗ ಕುಂತು ತಮ್ಮ ಫೋನಿನಾಗೇ ಬರೀಬಹುದು. ಬರ್ದು ಒತ್ತಿದ್ರ ಮುಖಪುಟಕ್ಕ ಬರ್ತದ."

"ಮತ್ತ ಈ ಫೋಟೊ?"

"ಅವುಕ್ಕ ಬ್ಯಾರೆ ಪುಟ ಮಾಡ್ತೇನ್ರಿ. ಮುಂದ ಮಕ್ಕಳ ಸುದ್ದಿ ಇರ್ಲಿ."

ಮನ್ಮಥಪ್ಪ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ಆ ಫೋಟೊ ನೋಡೇ ಮಂದಿ ಅಕ್ಕಿ ಕೊಡ್ತಾರ, ತಂಗಿ. ನನಗೂ ಅವ್ರ ಮನಿ ಬಾಗ್ಲಿಗಿ ಹೋಗಿ ಹೋಗಿ ಸಾಕಾಗ್ಯದ." ಕನ್ನಡಕ ಮತ್ತೆ ಏರಿಸಿಕೊಂಡು ಹೇಳಿದರು. "ಮಾಡು. ಆದ್ರ ನಾ ನೋಡಿ ಹೂಂ ಅಂದ ಮ್ಯಾಲೇ ಹೊರಗ ಹೋಗಬೇಕು. ಯಾರ್ಯಾರೋ ಏನೇನೋ ಬರದ್ರ ಟ್ರಸ್ಟಿನ ಹೆಸರು ಹೋಗ್ತದ."

ಕುಬರಾ ವಾದ ಮಾಡಲಿಲ್ಲ. ಆ ವಾರವೆಲ್ಲ ಕೂತು ಕಟ್ಟಿದಳು. ಹೊಸ ಮುಖಪುಟದಲ್ಲಿ ಫೋಟೊ ಸರಿದಾಟವಿರಲಿಲ್ಲ. ಮೇಲೆ ಎರಡು ಅಗಲ ಪಟ್ಟಿಗಳು, ಔರಾದಿಗೊಂದು, ಭಾಲ್ಕಿಗೊಂದು. ಹಾಸ್ಟೆಲ್ ತೆರೆದಿದೆಯೋ ಮುಚ್ಚಿದೆಯೋ, ಮಕ್ಕಳು ಈಗ ಎಲ್ಲಿದ್ದಾರೆ, ವಾರ್ಡನ್ನರ ಸ್ವಂತ ನಂಬರ್, ಈ ಸುದ್ದಿಯನ್ನು ಯಾರು ಯಾವಾಗ ಬರೆದರು. ಅಷ್ಟೇ. ವಾರದ ತನಕ ಯಾರೂ ಮುಟ್ಟದಿದ್ದರೆ 'ಇದು ಹಳೆಯ ಸುದ್ದಿ, ಫೋನ್ ಮಾಡಿ ಕೇಳಿ' ಎಂದು ಪುಟ ತಾನಾಗಿಯೇ ಹೇಳುತ್ತಿತ್ತು.

ಕಲಿಸಲು ಅವಳು ಭಾಲ್ಕಿಗೆ ಹೋದಳು. ಮಕ್ಕಳ ಜೊತೆಗೆ ಬಂದಿದ್ದ ಮಚ್ಛೇಂದ್ರ ಬೇಗ ಹಿಡಿದುಕೊಂಡ. ಲಲಿತಾಬಾಯಿ ಫೋನನ್ನು ಬಿಸಿ ಪಾತ್ರೆಯಂತೆ ತುದಿಬೆರಳಿನಲ್ಲಿ ಹಿಡಿದಿದ್ದರು.

"ನಾ ಏನರ ಒತ್ತಿ ಎಲ್ಲಾ ಅಳಿಸಿ ಹೋದ್ರ?"

"ಅಳಿಸಲ್ಲರಿ. ನೀವು ಬರದದ್ದು ಹಿಂದಿಂದೂ ಒಳಗ ಇರ್ತದ."

ಆದರೂ ಮೊದಲ ದಿನವೇ ಕೆಟ್ಟಿತು. ಲಲಿತಾಬಾಯಿ ಇಡೀ ವಾರದ ಅಡಿಗೆಯ ವಿವರ ಬರೆದು, ಅದರ ಮೇಲೆ ದೊಡ್ಡದೊಂದು ಫೋಟೊ ಏರಿಸಿ, ಔರಾದಿನ ಪಟ್ಟಿಯನ್ನು ಪರದೆಯ ಆಚೆಗೆ ತಳ್ಳಿಬಿಟ್ಟಿದ್ದರು; ಮನ್ಮಥಪ್ಪ ಬರಹವನ್ನಷ್ಟೇ ನೋಡಿ ಹೂಂ ಅಂದಿದ್ದರು. ಫೋನ್ ಮಾಡಿದಾಗ ಅವರ ದನಿ ಅಳು ಬಂದವರಂತಿತ್ತು. ತಪ್ಪು ಅವರದಲ್ಲ, ಬರೆಯುವ ಜಾಗವನ್ನು ತಾನೇ ಅಳತೆಯಿಲ್ಲದೆ ತೆರೆದಿಟ್ಟದ್ದು ಎಂದು ಕುಬರಾಗೆ ತಿಳಿಯಿತು. ಸುದ್ದಿಗೆ ಇಷ್ಟೇ ಅಕ್ಷರ ಎಂದು ಮಿತಿ ಹಾಕಿದಳು. ಫೋಟೊ ತಾನಾಗಿಯೇ ಸಣ್ಣದಾಗುವಂತೆ ಮಾಡಿದಳು. 'ತೆರೆದಿದೆ', 'ಮುಚ್ಚಿದೆ' ಎಂಬುದನ್ನು ಬರೆಯುವ ಬದಲು ಒತ್ತಿ ಆರಿಸುವಂತೆ ಇಟ್ಟಳು. ಎರಡನೆಯ ಸಲ ಭಾಲ್ಕಿಗೆ ಹೋಗಿ ಬರುವಾಗ ಬಸ್ಸಿನ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದಳು. ಬೀದರ ಬಂತೆಂದು ಕಂಡಕ್ಟರ್ ಎಬ್ಬಿಸಬೇಕಾಯಿತು.

ಏಪ್ರಿಲ್ ಮೊದಲ ವಾರದಲ್ಲಿ ಬಿಸಿಲು ಹೆಚ್ಚಾಗಿ ಭಾಲ್ಕಿಯ ಹಾಸ್ಟೆಲಿನಲ್ಲಿ ಮಕ್ಕಳಿಗೆ ಜ್ವರ ಹರಡಿತು. ಲಲಿತಾಬಾಯಿ ಬೆಳಿಗ್ಗೆಯೇ ಬರೆದರು. 'ನಾಕೈದು ಮಕ್ಕಳಿಗಿ ಜ್ವರ ಅದ. ಡಾಕ್ಟರಿಗಿ ತೋರ್ಸೀವಿ. ಹೆದರಬ್ಯಾಡ್ರಿ. ಕೇಳೋದಿದ್ರ ಫೋನ್ ಮಾಡ್ರಿ.' ಸುದ್ದಿ ಮನ್ಮಥಪ್ಪನವರ ಒಪ್ಪಿಗೆಗೆ ಕಾದು ಕೂತಿತು. ಅವರು ಬಳಗದ ಲಗ್ನಕ್ಕೆಂದು ಹುಮನಾಬಾದಿಗೆ ಹೋಗಿದ್ದರು, ಫೋನ್ ಬಂದ್ ಆಗಿತ್ತು. ಅಷ್ಟರಲ್ಲಿ ಬಾಯಿಮಾತು ಹೈದರಾಬಾದ್ ಮುಟ್ಟಿ, ಜ್ವರ ಇನ್ನೇನೋ ಆಗಿ, ಮಧ್ಯಾಹ್ನದ ಹೊತ್ತಿಗೆ ಮೂರು ಮನೆಯವರು ಕೆಲಸ ಬಿಟ್ಟು ಬಸ್ಸು ಹತ್ತಿದ್ದರು. ಮಕ್ಕಳು ಗಂಜಿ ಕುಡಿದು ಮಲಗಿದ್ದನ್ನು ಕಂಡು ಒಬ್ಬ ತಂದೆ ಹಾಸ್ಟೆಲಿನ ಕಟ್ಟೆಯ ಮೇಲೆ ಕೂತು ನೀರು ಕೇಳಿದನಂತೆ.

ಮರುದಿನ ಮನ್ಮಥಪ್ಪನವರೇ ನೌಬಾದಕ್ಕೆ ಬಂದರು. ಕುರ್ಚಿಯಲ್ಲಿ ಕೂತು ಬೆವರು ಒರೆಸಿಕೊಂಡರು.

"ಆ ಹೂಂ ಅನ್ನದು ತೆಗಿ ತಂಗಿ."

"ಪೂರಾ ತೆಗೀಲೇನ್ರಿ?"

"ಪೂರಾ. ನಾ ಆಮ್ಯಾಲ ನೋಡ್ತೇನಿ. ಮಕ್ಕಳ ಬಾಜು ಆಕಿ ಕುಂತಾಳ, ನಾ ಕುಂತಿಲ್ಲ." ಏಳುವಾಗ ಮತ್ತೊಂದು ಮಾತು ಸೇರಿಸಿದರು. "ಆಕಿ ಕನ್ನಡ ಒಂಚೂರು ತಿದ್ದಬಹುದಿತ್ತು."

"ಓದೋರಿಗಿ ಅದೇ ತಿಳೀತದರಿ ಸರ್."

ಅವರು ಬೇಡವೆನ್ನದೆ ಚಪ್ಪಲಿ ಮೆಟ್ಟಿದರು.

ಆಮೇಲಿನ ದಿನಗಳಲ್ಲಿ ಕುಬರಾಳ ಫೋನ್ ಮೆಲ್ಲನೆ ಸುಮ್ಮನಾಯಿತು. ಮೊದಮೊದಲು ಅವಳು ಅದನ್ನು ಎತ್ತಿ, ಕೆಟ್ಟಿದೆಯೇನೋ ಎಂದು ನೋಡುತ್ತಿದ್ದಳು. ಟ್ರಸ್ಟಿನವರಿಗೆ ಇನ್ನು ತನ್ನ ಅಗತ್ಯ ಹೆಚ್ಚು ಬೀಳುವುದಿಲ್ಲ ಎಂಬುದು ಗೊತ್ತಾದಾಗ ಸಣ್ಣಗೆ ಚುಚ್ಚಿತು ಕೂಡ. ಒಂದು ಮಧ್ಯಾಹ್ನ ಮುಖಪುಟ ತೆರೆದಳು. ಪರೀಕ್ಷೆ ಮುಗಿದಿತ್ತು. ಲಲಿತಾಬಾಯಿ ಆ ಬೆಳಿಗ್ಗೆ ಬರೆದಿದ್ದರು. 'ಪೇಪರ್ ಮುಗಿದಾವ. ಸನಿವಾರದಿಂದ ಮಕ್ಕಳಿಗಿ ಕರಕೊಂಡು ಹೋಗಬಹುದು. ದೂರದವರು ಬರೂತನಕ ನಾ ಇಲ್ಲೇ ಇರ್ತೀನಿ.' ಕೆಳಗೆ ಒಂದು ಫೋಟೊ, ಮಕ್ಕಳ ಸಾಲು, ಮೂಲೆಯಲ್ಲಿ ಯಾರದೋ ಸೆರಗು.

ಆ ಸುದ್ದಿ ಕುಬರಾಗೂ ಹೊಸದೇ. ಅವಳು ಎರಡು ಸಲ ಓದಿದಳು. 'ಸನಿವಾರ' ತಿದ್ದಲು ಕೈ ಹೋಯಿತು, ಹಿಂದಕ್ಕೆ ಎಳೆದುಕೊಂಡಳು.

ಒಳಗಿನಿಂದ ಅನ್ವರಿ ಬೇಗಂ ಕೆಲಸ ಏನೂ ಇಲ್ಲವೇ ಎಂದು ಕೇಳಿದರು. ಈಗ ಇಲ್ಲ ಅಮ್ಮೀ ಎಂದಳು ಕುಬರಾ. ಫ್ಯಾನ್ ತಿರುಗುತ್ತಿರಲಿಲ್ಲ. ಹೊರಗೆ ಬಿಸಿಲು ಇನ್ನೂ ಬಿಳಿ. ಅವಳು ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿ, ಚಾಪೆ ಹಾಸಿ, ತಾಯಿಯ ಪಕ್ಕ ಮಲಗಿದಳು.