ಮಣೆ ಇದ್ದ ಜಾಗ

ಮೂತಿ ಮಾತ್ರ ಮೇಲೆ, ಲ್ಯಾಬಿನ ತೊಟ್ಟಿಯ ಹಾಲಿನಂಥ ನೀರಿನಲ್ಲಿ ಒಂದು ಪುಟ್ಟ ಮೂತಿ, ಹಿಂದೆ ಕೆಂಪು ಬಣ್ಣ ಬಳಿದ ಬಾಲ, ಹೋಗು, ನಿನಗೆ ಗೊತ್ತು ಎಲ್ಲಿದೆ ಅಂತ — ಗೊತ್ತು ಇವಳಿಗೆ, ನೇರ ಈಜಿ, ನೀರಿನಡಿ ಕಾಣದಂತೆ ಇಟ್ಟ ಮಣೆ ಹತ್ತಿ ನಿಂತು ಎರಡೂ ಕೈಯಲ್ಲಿ ಮುಖ ಒರೆಸಿಕೊಂಡಳು, ಇಲಿಗೂ ಎಷ್ಟು ಜಂಭ. ಆಲ್ಝೈಮರ್ ಬರುವಂತೆ ಬೆಳೆಸಿದ ಮುದಿ ಇಲಿ, ಆದರೂ ನೆನಪಿದೆ. ನೆನಪು ಉಳಿಸೀತೆಂದು ತವುಡೆಣ್ಣೆಯಿಂದ ತೆಗೆದ ಇ ಜೀವಸತ್ವದ ಒಂದು ಅಂಶ ಇವಳ ಮೇವಿನಲ್ಲಿದೆಯೋ ನೀಲಿ ಬಾಲದವರ ಮೇವಿನಲ್ಲಿದೆಯೋ ನನಗೆ ತಿಳಿಸುವುದಿಲ್ಲ, ತಿಳಿದರೆ ಕಣ್ಣು ಪಕ್ಷಪಾತ ಮಾಡುತ್ತದೆ, ಆದರೆ ನೀಲಿ ಬಾಲದವರು ತೊಟ್ಟಿಯ ಅಂಚು ಸವರಿಕೊಂಡು ಗೊತ್ತುಗುರಿಯಿಲ್ಲದೆ ಅಲೆಯುವುದನ್ನು ನೋಡಿದವರಿಗೆ ಅಂಗೈ ಹುಣ್ಣಿಗೆ ಕನ್ನಡಿ ಬೇಕೇ. ಬಾ, ಒರೆಸುತ್ತೇನೆ, ಬೆಚ್ಚಗಿರು. ಹೊಟ್ಟೆ ಉರಿಯುತ್ತದೆ ನನಗೆ, ಹೌದು, ಒಂದು ಇಲಿಯ ಮೇಲೆ, ಇದಕ್ಕೆ ಒಂದು ಮಣೆ ನೆನಪಿದೆ, ನನ್ನ ಅಮ್ಮನಿಗೆ ನಾನು ನೆನಪಿಲ್ಲ.

ಇಲಿಯ ಮೇಲಿನ ಉರಿಯಾದರೂ ಸರಿ, ತಂಗಿಯ ಮೇಲಿನದನ್ನು ಯಾರ ಹತ್ತಿರ ಹೇಳಿಕೊಳ್ಳಲಿ, ಇವತ್ತು ಬೆಳಿಗ್ಗೆ ಕೈ ಬೀಸಿಕೊಂಡು ಬಂದಳು, ಎಷ್ಟೋ ತಿಂಗಳ ಮೇಲೆ, ಮತ್ತು ಅಮ್ಮ ಕುರ್ಚಿಯಿಂದ ಎದ್ದಳು, ಎದ್ದೇ ಬಿಟ್ಟಳು, ನಾನು ಬಂದರೆ ಕತ್ತೂ ತಿರುಗಿಸದವಳು, ಬನ್ನಿ ಬನ್ನಿ ಕೂತ್ಕೊಳ್ಳಿ ಅಂದಳು, ಮಹಾರಾಣಿಯವರ ಸವಾರಿ ಬಂತು ನೋಡಿ. ನಾನು ಯಾರು, ನರ್ಸಮ್ಮ. ನರ್ಸಮ್ಮಾ ನಂಗೆ ಈ ಸೊಪ್ಪು ಬೇಡ, ನರ್ಸಮ್ಮಾ ಬಾದಾಮಿ ಹಲ್ಲಿಗೆ ಸಿಕ್ಕತ್ತೆ. ಬಾದಾಮಿಯನ್ನು ನೆನೆಹಾಕಿ ಸುಲಿದು ಅರೆಯುವವಳು ನಾನು, ಸೊಪ್ಪು ಬೇಯಿಸಿ ತವುಡೆಣ್ಣೆ ಹಾಕುವವಳು ನಾನು, ಇಲಿಗಾದದ್ದು ಮನುಷ್ಯರಿಗೂ ಆಗತ್ತೆ ಅಂತ ಯಾರಮ್ಮಾ ಹೇಳಿದ್ದು, ಅದೂ ಇಷ್ಟು ಮುಂದುವರಿದ ಮೇಲೆ, ಅಂತ ಡಾಕ್ಟರು ಕೇಳಿದರು, ಯಾರೂ ಹೇಳಿಲ್ಲ ಡಾಕ್ಟ್ರೇ, ಇಲಿಯೇ ಬೇರೆ ಮನುಷ್ಯರೇ ಬೇರೆ ಅಂತ ಊರಿಗೆಲ್ಲ ಬಿಡಿಸಿ ಹೇಳೋದು ನನ್ನ ಕೆಲಸ, ಮನೆಗೆ ಹೋದರೆ ಮಾತ್ರ ಮರೆತುಬಿಡುತ್ತೇನೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ನಾನು ಹೆಗ್ಗಣಕ್ಕಿಂತ ಕಡೆಯಾದೆನೇ. ಅಮ್ಮ ತಂಗಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಓರೆಗಣ್ಣಿನಲ್ಲಿ ನನ್ನನ್ನು ನೋಡಿ, ಅವಳ ಕಿವಿಯಲ್ಲಿ ಏನೋ ಹೇಳಿ ನಕ್ಕಳು. ಏನಂದ್ಳು. ಏನಿಲ್ಲ ಬಿಡಕ್ಕ. ಏನಿಲ್ಲವಂತೆ, ಮುಖ ಆಚೆ ತಿರುಗಿಸಿಕೊಂಡಳು, ಸಿಕ್ಕಿದ್ದನ್ನು ಹಂಚಿಕೊಳ್ಳುವ ಬುದ್ಧಿ ಅವಳಿಗೆ ಹುಟ್ಟಿದಾಗಿನಿಂದ ಇಲ್ಲ. ಹುಟ್ಟಿದಾಗಿನಿಂದ — ಅವಳು ಹುಟ್ಟಿದ ಮೇಲೆ ತಾನೇ ನಾನು ಬಟ್ಟೆ ಕಪಾಟಿನ ಪಕ್ಕದ ಸಂದಿಯಲ್ಲಿ ಅವಿತುಕೊಳ್ಳತೊಡಗಿದ್ದು, ಮೊಣಕಾಲಿಗೆ ಗಲ್ಲ ಒತ್ತಿ, ಉಸಿರು ಬಿಗಿಹಿಡಿದು, ಅಮ್ಮ ಬರುತ್ತಿದ್ದಳು, ಸೊಂಟದಲ್ಲಿ ಅವಳನ್ನು ಹೊತ್ತುಕೊಂಡೇ, ಎಲ್ಲಿ ನನ್ನ ದೊಡ್ಡವಳು, ಕಾಣ್ತಾನೇ ಇಲ್ವಲ್ಲಪ್ಪಾ. ಆ ಕಪಾಟನ್ನೂ ಕೊನೆಗೆ ಅವಳ ಮದುವೆಯಲ್ಲಿ ಅವಳ ಮನೆಗೇ ಸಾಗಿಸಿದರು, ಮೂಲೆ ಖಾಲಿ, ಬರೀ ಗೋಡೆ.

ಸಾಕು, ಕೆಲಸ ನೋಡು. ಕೊನೆಯ ಪರೀಕ್ಷೆ, ನೀರಿನಿಂದ ಮಣೆ ತೆಗೆದುಬಿಡಬೇಕು, ಇಲ್ಲದ ಮಣೆಯನ್ನು ಎಲ್ಲಿ ಹುಡುಕುತ್ತಾಳೆ ಅನ್ನುವುದೇ ಲೆಕ್ಕ, ಇದ್ದ ಜಾಗದಲ್ಲೇ ಸುತ್ತಿದರೆ ನೆನಪಿದೆ ಅಂತ ಅರ್ಥ. ಬಿಟ್ಟೆ. ಹೋಗು ತಾಯಿ. ಫೋನು, ಅಮ್ಮನ ಜೊತೆ ಬಿಟ್ಟುಬಂದ ತಂಗಿಯದು, ಕೈಯೆಲ್ಲ ಒದ್ದೆ, ಮೊಣಕೈಯಿಂದಲೇ ಒತ್ತಿ ಸ್ಪೀಕರಿಗೆ ಹಾಕಿದೆ, ಅಕ್ಕಾ, ಅಮ್ಮ ಓಡಾಡಿದರೆ ಕೊಡು ಅಂದಿದ್ಯಲ್ಲ ಆ ಮಾತ್ರೆ, ಈಗ ಕೊಡಲಾ. ಕೊಡು ಅನ್ನಲು ಬಾಯಿ ತೆರೆದೆ, ದಿನವೂ ಇದೇ ಪಾಡು, ಆ ಖಾಲಿ ಮೂಲೆಗೆ ಹೋಗುತ್ತಾಳೆ, ಗೋಡೆ ಸವರುತ್ತಾಳೆ, ಬಗ್ಗುತ್ತಾಳೆ, ಬೀಳುತ್ತಾಳೇನೋ ಅಂತ ಅಡ್ಡಕ್ಕೆ ಕುರ್ಚಿ ಇಟ್ಟೆ, ರಟ್ಟೆ ಹಿಡಿದು ಎಳೆದುಕೊಂಡು ಬಂದೆ, ಅಲ್ಲೇನಿದೆ ಮಣ್ಣು, ಬಾ ಅಂದೆ, ಡಾಕ್ಟರ ಹತ್ತಿರ ಚಡಪಡಿಕೆ ಅಂತ ಹೇಳಿ ಮಾತ್ರೆ ಬರೆಸಿಕೊಂಡೆ. ಕುರ್ಚಿ ಎಳೆದುಹಾಕಿದಾಳೆ ಕಣೇ, ತಂಗಿ ಹೇಳುತ್ತಿದ್ದಾಳೆ, ಬಗ್ಗಿ ಬಗ್ಗಿ ನೋಡ್ತಾಳೆ, ಎಲ್ಲಿ ನನ್ನ ದೊಡ್ಡವಳು ಅಂತಾಳೆ.

ಯಾರು. ನೀನು ಕಣೇ ಅಕ್ಕಾ, ಇನ್ಯಾರು. ಬೆಳಿಗ್ಗೆ ಏನಂದ್ಳು ನಿನ್ನ ಕಿವೀಲಿ, ನಿಜ ಹೇಳು. ಅವಳು ಮೂಗು ಸೆಳೆದುಕೊಂಡಳು, ನಾನು ನಿನ್ನ ಟೀಚರಂತೆ, ನಮ್ಮ ದೊಡ್ಡವಳಿಗೆ ಲೆಕ್ಕ ತಲೆಗೆ ಹೋಗಲ್ಲ, ಹೊಡೀಬೇಡಿ ಟೀಚರ್, ಹೊಡೆದ್ರೆ ಹೋಗಿ ಅವಿತುಕೊಂಡುಬಿಡ್ತಾಳೆ, ಎಲ್ಲಿ ಅಂತ ನಂಗೊಬ್ಬಳಿಗೇ ಗೊತ್ತು, ಆ ನರ್ಸಿಗೆ ಹೇಳ್ಬೇಡಿ ಅಂದ್ಳು. ಕೈಮುಗಿದ್ಳು ಅಕ್ಕಾ ನಂಗೆ. ನನ್ನ ಬಗ್ಗೆ ಒಂದ್ಮಾತಿಲ್ಲ, ನಾನೊಬ್ಬಳು ಹುಟ್ಟಿದ್ದೇ ನೆನಪಿಲ್ಲ ಅವಳಿಗೆ, ನಿನಗೇನಮ್ಮಾ, ಪುಣ್ಯವಂತೆ. ಅವಳಿಗೂ ಉರಿ, ನನ್ನ ಮೇಲೆ, ನಗು ಬರಬೇಕಿತ್ತು, ಬರಲಿಲ್ಲ. ಮಾತ್ರೆ ಕೊಡಬೇಡ ಅಂದೆ, ಆ ಕುರ್ಚಿ ಆಚೆ ಹಾಕಿಬಿಡು, ಬೀಳದ ಹಾಗೆ ಜೊತೆಗಿರು, ಎಷ್ಟು ಹೊತ್ತು ಬೇಕಾದರೂ ಹುಡುಕಲಿ. ಇಲಿ ಸುತ್ತಿದರೆ ನೆನಪು ಅಂತ ಬರೆದುಕೊಳ್ಳುವವಳು ನಾನು, ಅಮ್ಮ ಸುತ್ತಿದರೆ ಮಾತ್ರೆ ಕೊಟ್ಟೆ, ದಿನವೂ ನನ್ನನ್ನು ಹುಡುಕುತ್ತಿದ್ದವಳ ರಟ್ಟೆ ಹಿಡಿದು ನಾನೇ ಎಳೆದೆ. ಸಂಜೆ ಮನೆಗೆ ಹೋದರೆ ಆಗಲೂ ನಾನು ನರ್ಸಮ್ಮನೇ, ಬಾಗಿಲಲ್ಲಿ ನಿಂತು ನಾನೇ ಅಮ್ಮಾ ಅಂದರೂ ನರ್ಸಮ್ಮನೇ, ಇಷ್ಟೆಲ್ಲ ಆದ ಮೇಲೂ ಉರಿ ಆರುತ್ತಿಲ್ಲ, ತಂಗಿಯ ಮೇಲಲ್ಲ ಈಗ, ಆ ಸಂದಿಯಲ್ಲಿ ಕೂತವಳ ಮೇಲೆ, ಲೆಕ್ಕ ಬಾರದ ಆ ದಡ್ಡಿಯ ಮೇಲೆ, ಅಮ್ಮನನ್ನು ಇಡಿಯಾಗಿ ಇಟ್ಟುಕೊಂಡು ಕೂತಿದ್ದಾಳೆ, ಬಾರೇ ಆಚೆ, ಸಾಕು ಅವಿತದ್ದು, ಬಂದು ಅವಳ ಕೈಗೆ ಸಿಗಬಾರದೇ — ಅಕ್ಕಾ, ಇದೀಯಾ, ಇದೀನಿ, ಇದೀನಿ ಕಣೇ, ನೀರು ಅಲುಗುತ್ತಿದೆ, ಇವಳಿನ್ನೂ ಬಿಟ್ಟಿಲ್ಲ, ಅಂಚಿಗೆ ಹೋಗುವುದಿಲ್ಲ, ಬೇರೆಲ್ಲೂ ಹೋಗುವುದಿಲ್ಲ, ಕೆಂಪು ಬಾಲ, ಹಾಲಿನಂಥ ನೀರು, ಮಣೆ ಇದ್ದ ಜಾಗದಲ್ಲಿ ಒಂದು ಸುತ್ತು, ಅಲ್ಲೇ ಇನ್ನೊಂದು ಸುತ್ತು, ಮೂತಿ ಮಾತ್ರ ಮೇಲೆ